ನರರೋಗ ತಜ್ಞರ ಆಯ್ಕೆ: ವಿಮೆ ಯಾರಿಗೆ, ಎಲ್ಲಿ, ಯಾವುದಕ್ಕೆ?

“ನಮ್ಮ ವಿಮೆ ನಿಮ್ಮಲ್ಲಿ ನಡೆಯುತ್ತದೆಯೇ?” ಎಂದು ಆಸ್ಪತ್ರೆಗೆ ಫೋನ್ ಮಾಡಿ ಕೇಳಿದ್ದೆ. “ನಡೆಯುತ್ತದೆ, ಬನ್ನಿ” ಎಂದರು. ತಮ್ಮನನ್ನು ಕರೆದುಕೊಂಡು ಹೋದೆ. ಅವನಿಗೆ ಎರಡು ವಾರಗಳಲ್ಲಿ ಎರಡು ಬಾರಿ ಫಿಟ್ಸ್ ಬಂದಿತ್ತು. ನರರೋಗ ತಜ್ಞರು ಮುಕ್ಕಾಲು ಗಂಟೆ ಕೂತು ಎಲ್ಲವನ್ನೂ ಕೇಳಿದರು, ಮಿದುಳಿನ ವಿದ್ಯುತ್ತನ್ನು ದಾಖಲಿಸುವ ಇಇಜಿ ಮಾಡಿಸಿದರು, ಎಂಆರ್‌ಐಗೆ ಬರೆದುಕೊಟ್ಟರು. ಬಿಲ್ ಕೈಗೆ ಬಂದಾಗ ವಿಷಯ ತಿಳಿಯಿತು: ಆಸ್ಪತ್ರೆ ನಮ್ಮ ವಿಮೆಯ ಪಟ್ಟಿಯಲ್ಲಿತ್ತು, ವೈದ್ಯರು ಇರಲಿಲ್ಲ. ಅವರು ವಾರಕ್ಕೆ ಎರಡು ದಿನ ಬಂದುಹೋಗುವವರು, ಅವರ ಬಿಲ್ ಬೇರೆ. ಎಂಆರ್‌ಐ ಯಂತ್ರ ಅದೇ ಕಟ್ಟಡದ ನೆಲಮಾಳಿಗೆಯಲ್ಲಿದ್ದರೂ ನಡೆಸುತ್ತಿದ್ದುದು ಇನ್ನೊಂದು ಸಂಸ್ಥೆ. ಫೋನ್ ಎತ್ತಿಕೊಂಡವರು ಸುಳ್ಳು ಹೇಳಿರಲಿಲ್ಲ. ನಾನು ಕೇಳಿದ ಪ್ರಶ್ನೆಯೇ ಅರೆಬರೆಯಾಗಿತ್ತು.

ಹನ್ನೊಂದು ವರ್ಷಗಳಿಂದ ಈ ಓಡಾಟ ನಡೆದಿದೆ. ಈ ನಡುವೆ ಮೂವರು ವೈದ್ಯರು, ನಾಲ್ಕು ಪಾಲಿಸಿಗಳು ಬದಲಾಗಿವೆ. ನಾನು ವೈದ್ಯನಲ್ಲ, ವಿಮೆಯ ಏಜೆಂಟನೂ ಅಲ್ಲ. ಕಡತ ಹಿಡಿದು ಕೌಂಟರಿನ ಮುಂದೆ ನಿಂತವನು. ನರರೋಗ ತಜ್ಞರನ್ನು ಹುಡುಕುವವರು ‘ಒಳ್ಳೆಯ ವೈದ್ಯರು ಯಾರು’ ಎಂಬಲ್ಲಿಂದಲೋ ‘ನಮ್ಮ ವಿಮೆ ಯಾರಲ್ಲಿ ನಡೆಯುತ್ತದೆ’ ಎಂಬಲ್ಲಿಂದಲೋ ಹುಡುಕಾಟ ಶುರು ಮಾಡುತ್ತಾರೆ. ನನಗೆ ಈಗ ಅನ್ನಿಸುವುದು, ಅದಕ್ಕೂ ಮೊದಲು ಒಂದು ಲೆಕ್ಕ ಹಾಕಬೇಕು: ಯಾವ ಖರ್ಚು ಒಂದೇ ಸಲ ಬರುತ್ತದೆ, ಯಾವುದು ವರ್ಷಗಟ್ಟಲೆ ಮರುಕಳಿಸುತ್ತದೆ? ನರರೋಗಗಳಲ್ಲಿ ಹೆಚ್ಚಿನವು ಒಂದು ಭೇಟಿಗೆ ಮುಗಿಯುವಂಥವಲ್ಲ. ಮರುಕಳಿಸುವ ಖರ್ಚಿಗೆ ವಿಮೆ ಬೇಕೇ ಬೇಕು. ಒಂದೇ ಸಲದ್ದಕ್ಕೆ ಕೈಯಿಂದ ಕೊಟ್ಟರೂ ಎಷ್ಟೋ ಬಾರಿ ಲಾಭವೇ. ಕೆಳಗಿನ ಹೋಲಿಕೆಗಳೆಲ್ಲ ಈ ಲೆಕ್ಕದ ಮೇಲೆ ನಿಂತಿವೆ.

ಪಟ್ಟಿ ತೆರೆಯಲೇಬಾರದ ಹೊತ್ತು

ಹೋಲಿಕೆಗೆ ಸಮಯವೇ ಇಲ್ಲದ ಸಂದರ್ಭಗಳಿವೆ. ಮುಖ ಇದ್ದಕ್ಕಿದ್ದಂತೆ ಒಂದು ಬದಿಗೆ ಸೊಟ್ಟಗಾಯಿತು, ಒಂದು ಕೈ ಎತ್ತಲಾಗುತ್ತಿಲ್ಲ, ಮಾತು ತೊದಲುತ್ತಿದೆ ಎಂದರೆ ಅದು ಪಾರ್ಶ್ವವಾಯು ಇರಬಹುದು. ರಕ್ತದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ದೊಡ್ಡ ರಕ್ತನಾಳದಲ್ಲಿ ಸಿಕ್ಕಿಕೊಂಡ ಹೆಪ್ಪನ್ನು ಕೊಳವೆಯ ಮೂಲಕ ಹೊರತೆಗೆಯುವ ಚಿಕಿತ್ಸೆ ಆಯ್ದ ಕೆಲವು ರೋಗಿಗಳಿಗೆ 24 ಗಂಟೆಗಳವರೆಗೂ ಸಾಧ್ಯ, ಆದರೆ ಬೇಗ ಹೋದಷ್ಟೂ ಉಳಿಯುವ ಮಿದುಳು ಹೆಚ್ಚು. ಐದು ನಿಮಿಷ ದಾಟಿದರೂ ನಿಲ್ಲದ ಫಿಟ್ಸ್, ಸಿಡಿಲು ಬಡಿದಂತೆ ಒಮ್ಮೆಲೇ ತಾರಕಕ್ಕೇರುವ ತಲೆನೋವು, ಜ್ವರದ ಜೊತೆ ಕತ್ತು ಸೆಟೆದುಕೊಳ್ಳುವುದು ಇವೂ ಅದೇ ಸಾಲಿಗೆ ಸೇರಿದವು. ಆಗ ಹೋಗಬೇಕಾದದ್ದು ಹತ್ತಿರದ ಸುಸಜ್ಜಿತ ತುರ್ತು ವಿಭಾಗಕ್ಕೆ. ಆಂಬುಲೆನ್ಸ್‌ನವರಿಗೆ ಅದು ಯಾವುದೆಂದು ಸಾಮಾನ್ಯವಾಗಿ ಗೊತ್ತಿರುತ್ತದೆ. ವಿಮಾ ಕಂಪನಿಗೆ ತಿಳಿಸುವುದು ಮನೆಯ ಇನ್ನೊಬ್ಬರ ಕೆಲಸ. ತುರ್ತು ದಾಖಲಾತಿಯನ್ನು ಎಷ್ಟು ಗಂಟೆಗಳೊಳಗೆ ತಿಳಿಸಬೇಕು ಎಂಬ ಗಡುವು ಪಾಲಿಸಿಯಲ್ಲಿ ಇರುತ್ತದೆ. ಅದನ್ನು ಇವತ್ತೇ ಹುಡುಕಿ ಗುರುತು ಹಾಕಿಡಿ.

ಕುಟುಂಬ ವೈದ್ಯರೋ, ನೇರವಾಗಿ ತಜ್ಞರೋ?

ತಲೆನೋವು ಬಂದ ತಕ್ಷಣ ನರರೋಗ ತಜ್ಞರ ಬಾಗಿಲು ಬಡಿಯಬೇಕಾಗಿಲ್ಲ. ಮೈಗ್ರೇನ್ ಹೊಸದಾಗಿದ್ದರೆ, ಪರೀಕ್ಷೆಯಲ್ಲಿ ಬೇರೇನೂ ಕಾಣದಿದ್ದರೆ, ಕುಟುಂಬ ವೈದ್ಯರೇ ಚಿಕಿತ್ಸೆ ಆರಂಭಿಸಬಹುದು. ಸ್ಕ್ಯಾನ್ ಕೂಡ ಬಹುಪಾಲು ಬೇಕಾಗುವುದಿಲ್ಲ. ಪಾದಗಳಲ್ಲಿ ಜೋಮು ಎಂದು ಹೋದವರಲ್ಲಿ ಎಷ್ಟೋ ಮಂದಿಗೆ ಸಕ್ಕರೆ ಕಾಯಿಲೆಯೋ ಬಿ12 ಕೊರತೆಯೋ ಇರುತ್ತದೆ. ಅದು ಒಂದು ರಕ್ತಪರೀಕ್ಷೆಯಲ್ಲಿ ತಿಳಿಯುವ ವಿಷಯ. ಇಷ್ಟನ್ನು ಮುಗಿಸಿಕೊಂಡು ಹೋದರೆ ತಜ್ಞರ ಮೊದಲ ಭೇಟಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ಕಾರಣವೂ ಇದೆ, ಅದು ಕಾಗದದ್ದು. ಕೆಲವು ಪಾಲಿಸಿಗಳಲ್ಲಿ ಕುಟುಂಬ ವೈದ್ಯರ ಶಿಫಾರಸು ಪತ್ರವಿಲ್ಲದೆ ತಜ್ಞರ ಶುಲ್ಕ ಮಂಜೂರಾಗುವುದಿಲ್ಲ. ಪತ್ರದ ಮೇಲಿನ ದಿನಾಂಕ ತಜ್ಞರ ಭೇಟಿಗಿಂತ ಹಿಂದಿನದಾಗಿರಬೇಕು. ಭೇಟಿಯ ನಂತರ ತಂದುಕೊಟ್ಟ ಪತ್ರವನ್ನು ವಿಮೆಯವರು ಒಪ್ಪಿದ್ದನ್ನು ನಾನಂತೂ ಕಂಡಿಲ್ಲ. ಒಂದು ಪತ್ರ ಎಷ್ಟು ಭೇಟಿಗಳಿಗೆ, ಎಷ್ಟು ತಿಂಗಳಿಗೆ ನಡೆಯುತ್ತದೆ ಎಂಬುದನ್ನೂ ಕೇಳಿಕೊಳ್ಳಿ.

ನೇರವಾಗಿ ತಜ್ಞರ ಬಳಿಗೇ ಹೋಗಬೇಕಾದದ್ದು: ಮೊದಲ ಬಾರಿ ಬಂದ ಫಿಟ್ಸ್, ದಿನೇದಿನೇ ಹೆಚ್ಚುತ್ತಿರುವ ನಿಶ್ಶಕ್ತಿ, ಒಂದು ಕೈಗೆ ಮಾತ್ರ ಹತ್ತಿದ ನಡುಕ, ಮನೆಯವರೇ ಗಮನಿಸುವಷ್ಟು ಮರೆವು, ವಸ್ತು ಎರಡೆರಡಾಗಿ ಕಾಣುವುದು. ಪಾಲಿಸಿ ಶಿಫಾರಸು ಕೇಳುತ್ತದೆ ಎಂದಾದರೂ ಇಂಥ ಲಕ್ಷಣಕ್ಕೆ ಕುಟುಂಬ ವೈದ್ಯರು ಅವತ್ತೇ ಪತ್ರ ಬರೆದುಕೊಡುತ್ತಾರೆ.

ಒಂದು ಮಾತು ಬದಿಗೆ. ನರರೋಗ ತಜ್ಞರು ಬೇರೆ, ಮಿದುಳು ಮತ್ತು ಬೆನ್ನುಹುರಿಯ ಶಸ್ತ್ರಚಿಕಿತ್ಸೆ ಮಾಡುವ ನರಶಸ್ತ್ರಚಿಕಿತ್ಸಕರು ಬೇರೆ, ಮನೋವೈದ್ಯರು ಬೇರೆ. ವಿಮೆಯ ಜಾಲತಾಣದಲ್ಲಿ ‘ನರ’ ಎಂದು ಹುಡುಕಿದರೆ ಮೂವರೂ ಒಂದೇ ಪಟ್ಟಿಯಲ್ಲಿ ಬಂದು ನಿಲ್ಲುವುದುಂಟು. ಒಮ್ಮೆ ಮೂರು ವಾರ ಕಾದು, ಬೆನ್ನುಮೂಳೆಯ ಶಸ್ತ್ರಚಿಕಿತ್ಸಕರ ಎದುರು ಕೂತು ಫಿಟ್ಸ್ ಬಗ್ಗೆ ಹೇಳತೊಡಗಿದ್ದೆವು. ಪಾಪ, ಅವರು ಸಮಾಧಾನದಿಂದ ಕೇಳಿ, ಶುಲ್ಕ ತೆಗೆದುಕೊಳ್ಳದೆ ಕಳುಹಿಸಿದರು.

ನಿಮ್ಮದು ಯಾವ ಬಗೆಯ ಪಾಲಿಸಿ?

ಇಲ್ಲಿ ತಾಳ್ಮೆ ಬೇಕು. ವೈದ್ಯರ ಹೆಸರುಗಳನ್ನು ಹೋಲಿಸುವುದಕ್ಕಿಂತ ಇದು ಬೇಸರದ ಕೆಲಸ, ಆದರೆ ಹಣದ ಮಟ್ಟಿಗೆ ಹೆಚ್ಚು ವ್ಯತ್ಯಾಸ ಆಗುವುದು ಇಲ್ಲೇ.

ಆಸ್ಪತ್ರೆಗೆ ದಾಖಲಾದರೆ ಮಾತ್ರ ಹಣ ಕೊಡುವ ಪಾಲಿಸಿಗಳು ಒಂದು ಬಗೆ. ನರರೋಗಕ್ಕೆ ಇವು ಅಷ್ಟಕ್ಕಷ್ಟೇ. ಏಕೆಂದರೆ ಮೈಗ್ರೇನ್, ಅಪಸ್ಮಾರ (ಮತ್ತೆ ಮತ್ತೆ ಫಿಟ್ಸ್ ಬರುವ ಕಾಯಿಲೆ), ಪಾರ್ಕಿನ್ಸನ್ (ನಡುಕ, ಬಿಗಿತದ ಕಾಯಿಲೆ) ಇವೆಲ್ಲ ಹೊರರೋಗಿಯಾಗಿಯೇ ನಡೆಯುವ ಚಿಕಿತ್ಸೆಗಳು: ಮೂರು ತಿಂಗಳಿಗೊಮ್ಮೆ ಭೇಟಿ, ದಿನಾ ಮಾತ್ರೆ, ಆಗಾಗ ಒಂದು ಪರೀಕ್ಷೆ. ಇಂಥ ಪಾಲಿಸಿ ಇರುವವರು ‘ವಿಮೆ ಒಪ್ಪುವ ವೈದ್ಯರು’ ಎಂದು ಊರೆಲ್ಲ ಹುಡುಕುವುದರಲ್ಲಿ ಅರ್ಥವೇ ಇಲ್ಲ. ಭೇಟಿಗೆ ಯಾರಾದರೂ ಆದೀತು. ಅವರು ದಾಖಲಿಸುವ ಆಸ್ಪತ್ರೆ ಮಾತ್ರ ಪಟ್ಟಿಯಲ್ಲಿರಲಿ. ಅಷ್ಟನ್ನು ನೋಡಿಕೊಂಡರೆ ಸಾಕು.

ಇಂಥ ಕಡೆ ‘ಒಂದು ದಿನ ದಾಖಲಾಗಿಬಿಡಿ, ಎಲ್ಲ ಪರೀಕ್ಷೆಯೂ ವಿಮೆಯಲ್ಲಿ ಆಗಿಹೋಗುತ್ತದೆ’ ಎಂದು ಯಾರಾದರೂ ಕಿವಿಯಲ್ಲಿ ಹೇಳುತ್ತಾರೆ. ಕಿವಿಗೊಡಬೇಡಿ. ಬರೀ ಪರೀಕ್ಷೆಗಾಗಿ ಆದ ದಾಖಲಾತಿಗೆ ಹಣ ಕೊಡುವುದಿಲ್ಲ ಎಂಬ ಷರತ್ತು ಅನೇಕ ಪಾಲಿಸಿಗಳಲ್ಲಿದೆ. ಕ್ಲೇಮ್ ತಿರಸ್ಕೃತವಾದರೆ ಹಾಸಿಗೆಯ ಬಾಡಿಗೆಯೂ ನಿಮ್ಮ ತಲೆಗೇ. ಹಾಗೆಂದು ದಾಖಲಾಗಿಯೇ ಮಾಡಬೇಕಾದ ಪರೀಕ್ಷೆಗಳು ಇಲ್ಲವೆಂದಲ್ಲ. ಹಗಲಿರುಳು ಕ್ಯಾಮೆರಾ ಇಟ್ಟು ಮಾಡುವ ವಿಡಿಯೋ ಇಇಜಿ ಅಂಥದ್ದು. ಅದಕ್ಕೆ ತಜ್ಞರಿಂದ ಕಾರಣ ಬರೆಸಿ, ಮೊದಲೇ ಲಿಖಿತ ಅನುಮತಿ ಪಡೆದು ಹೋಗಬೇಕು.

ಹೊರರೋಗಿ ಭೇಟಿಗೂ ಹಣ ಕೊಡುವ ಪಾಲಿಸಿಗಳು ಎರಡನೆಯ ಬಗೆ. ಇಲ್ಲಿ ಪ್ರಶ್ನೆ, ಪಟ್ಟಿಯ ಹೊರಗಿನ ವೈದ್ಯರಿಗೆ ಏನು ಕೊಡುತ್ತಾರೆ ಎಂಬುದು. ಕೆಲವು ಏನೂ ಕೊಡುವುದಿಲ್ಲ. ಕೆಲವು ಒಂದು ಪಾಲು ಕೊಡುತ್ತವೆ, ಆದರೆ ಆ ಪಾಲನ್ನು ವೈದ್ಯರು ಕೇಳಿದ ಮೊತ್ತದ ಮೇಲೆ ಲೆಕ್ಕ ಹಾಕುವುದಿಲ್ಲ. ತಾವು ‘ನ್ಯಾಯವಾದ ದರ’ ಎಂದು ಇಟ್ಟುಕೊಂಡ ಮೊತ್ತದ ಮೇಲೆ ಹಾಕುತ್ತವೆ. ವೈದ್ಯರ ಶುಲ್ಕ 100 ಎಂದಿಟ್ಟುಕೊಳ್ಳಿ, ಕಂಪನಿಯ ದರ 60. ‘ಶೇಕಡಾ 70 ಕೊಡುತ್ತೇವೆ’ ಎಂದರೆ ನಿಮಗೆ ಬರುವುದು 70 ಅಲ್ಲ, 42. ಉಳಿದ 58 ನಿಮ್ಮ ಕೈಯಿಂದ. ಈ ಲೆಕ್ಕವನ್ನು ನಾನು ಎರಡನೆಯ ಪಾಲಿಸಿಯಲ್ಲಿ ಕಲಿತೆ, ದುಬಾರಿ ಬೆಲೆಗೆ.

ಮೂರನೆಯದು, ಉದ್ಯೋಗದಾತರ ಅಥವಾ ಸರ್ಕಾರದ ಯೋಜನೆಗಳು. ಇವುಗಳಿಗೆ ಅವುಗಳದೇ ಆಸ್ಪತ್ರೆಗಳು, ಅವುಗಳದೇ ದರಪಟ್ಟಿ. ಆಯ್ಕೆ ಕಡಿಮೆ, ಕೈಯಿಂದ ಹೋಗುವುದೂ ಕಡಿಮೆ. ದೀರ್ಘಕಾಲದ ಕಾಯಿಲೆಗೆ ನಾನು ಇವುಗಳನ್ನು ಕೀಳಾಗಿ ನೋಡುವುದಿಲ್ಲ. ಸರತಿಯಲ್ಲಿ ನಿಲ್ಲುವ ಶಕ್ತಿ ಮನೆಯಲ್ಲಿ ಒಬ್ಬರಿಗಾದರೂ ಇರಬೇಕು, ಅಷ್ಟೆ.

ಯಾವುದೇ ಬಗೆಯಿರಲಿ, ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಇದೆಯೇ ಎಂದು ನೋಡಿ. ಹಳೆಯ ಫಿಟ್ಸ್ ಅನ್ನು ಅರ್ಜಿಯಲ್ಲಿ ಮುಚ್ಚಿಟ್ಟರೆ ಅದು ಕೆಲಸಕ್ಕೆ ಬರುವುದಿಲ್ಲ. ನರರೋಗ ತಜ್ಞರು ಬರೆಯುವ ಮೊದಲ ಸಾಲೇ ‘ಇಷ್ಟು ವರ್ಷಗಳಿಂದ’ ಎಂದಿರುತ್ತದೆ.

ಸಾಮಾನ್ಯ ನರರೋಗ ತಜ್ಞರೋ, ಒಂದೇ ಕಾಯಿಲೆಯ ವಿಶೇಷ ತಜ್ಞರೋ?

ನನ್ನ ಮಟ್ಟಿಗೆ ಇಡೀ ಆಯ್ಕೆಯ ತಿರುಳು ಇದು. ನರಶಾಸ್ತ್ರದೊಳಗೇ ಅಪಸ್ಮಾರ, ಪಾರ್ಶ್ವವಾಯು, ಚಲನೆಯ ತೊಂದರೆಗಳು, ತಲೆನೋವು, ಸ್ನಾಯು ಮತ್ತು ನರಗಳ ಕಾಯಿಲೆ, ಮರೆವಿನ ಕಾಯಿಲೆ, ಮಕ್ಕಳ ನರರೋಗ ಎಂದು ಕವಲುಗಳಿವೆ. ವಿಮೆಯ ಪಟ್ಟಿಯಲ್ಲಿ ಇವು ಯಾವುವೂ ಕಾಣುವುದಿಲ್ಲ, ಎಲ್ಲರ ಮುಂದೆಯೂ ‘ನರರೋಗ’ ಎಂಬ ಒಂದೇ ಪದ. ವೈದ್ಯರು ಏನು ಹೆಚ್ಚು ನೋಡುತ್ತಾರೆ ಎಂದು ಕ್ಲಿನಿಕ್‌ಗೇ ಫೋನ್ ಮಾಡಿ ಕೇಳಬೇಕು. ಕೇಳಿದರೆ ಹೇಳುತ್ತಾರೆ.

ವಿಶೇಷ ತಜ್ಞರು ಕಡಿಮೆ, ದೂರ, ಕಾಯುವಿಕೆ ದೀರ್ಘ. ಪಟ್ಟಿಯೊಳಗೆ ಸಿಗುವ ಸಾಧ್ಯತೆಯೂ ಕಡಿಮೆ. ಈ ಕೊರತೆ ಒಂದೆರಡು ಊರುಗಳದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಹೇಳಿದಂತೆ, 2021ರಲ್ಲಿ ಜಗತ್ತಿನ ಸುಮಾರು 340 ಕೋಟಿ ಮಂದಿಗೆ ನರಮಂಡಲದ ಒಂದಲ್ಲ ಒಂದು ತೊಂದರೆ ಇತ್ತು. ಪ್ರತಿ ಲಕ್ಷ ಜನರಿಗೆ ಇರುವ ನರರೋಗ ಪರಿಣತರ ಸಂಖ್ಯೆ ಬಡ ಮತ್ತು ಮಧ್ಯಮ ಆದಾಯದ ದೇಶಗಳಿಗಿಂತ ಶ್ರೀಮಂತ ದೇಶಗಳಲ್ಲಿ 70 ಪಟ್ಟಿನವರೆಗೂ ಹೆಚ್ಚು.

ಹಾಗಾದರೆ ಯಾವಾಗ ವಿಶೇಷ ತಜ್ಞರು ಬೇಕೇ ಬೇಕು? ಅಪಸ್ಮಾರದ ವಿಷಯದಲ್ಲಿ ಒಂದು ಸ್ಪಷ್ಟ ಗೆರೆ ಇದೆ. ಸರಿಯಾಗಿ ಆಯ್ದ, ರೋಗಿಗೆ ಒಗ್ಗಿದ ಎರಡು ಔಷಧಗಳನ್ನು ಸರಿಯಾಗಿ ತೆಗೆದುಕೊಂಡರೂ ಫಿಟ್ಸ್ ನಿಲ್ಲದಿದ್ದರೆ ಅದನ್ನು ಔಷಧಕ್ಕೆ ಬಗ್ಗದ ಅಪಸ್ಮಾರ ಎಂದು ಕರೆಯುವಂತೆ ಅಂತಾರಾಷ್ಟ್ರೀಯ ಅಪಸ್ಮಾರ ವಿರೋಧಿ ಒಕ್ಕೂಟ 2010ರಲ್ಲಿ ಹೇಳಿತು. ಸುಮಾರು ಮೂರನೆಯ ಒಂದರಷ್ಟು ರೋಗಿಗಳು ಈ ಗುಂಪಿಗೆ ಸೇರುತ್ತಾರೆ. ಆಮೇಲೆ ಮೂರನೆಯ, ನಾಲ್ಕನೆಯ ಮಾತ್ರೆ ಬದಲಿಸುತ್ತ ವರ್ಷ ಕಳೆಯುವುದಕ್ಕಿಂತ ಅಪಸ್ಮಾರ ಕೇಂದ್ರಕ್ಕೆ ಹೋಗುವುದು ಮೇಲು. ಶಸ್ತ್ರಚಿಕಿತ್ಸೆಯಿಂದ ಗುಣವಾಗುವವರು ಅವರಲ್ಲಿ ಇರುತ್ತಾರೆ.

ತಮ್ಮನಿಗೆ ಎರಡನೆಯ ಮಾತ್ರೆಯೂ ಸೋತಾಗ ನಾವು ಹಾಗೇ ಮಾಡಿದೆವು. ಆ ವಿಶೇಷ ತಜ್ಞೆ ನಮ್ಮ ಪಟ್ಟಿಯಲ್ಲಿ ಇರಲಿಲ್ಲ, ರೈಲಿನಲ್ಲಿ ಒಂದು ರಾತ್ರಿಯ ದೂರ. ಒಂದೇ ಭೇಟಿ, ಕೈಯಿಂದ ಹಣ. ಅವರು ನೋಡಿದ್ದು ಮೊದಲು ಸ್ಕ್ಯಾನ್ ಅಲ್ಲ, ನನ್ನ ಮೊಬೈಲಿನಲ್ಲಿದ್ದ ನಲವತ್ತು ಸೆಕೆಂಡಿನ ವಿಡಿಯೋ. ಮೂರು ಸಲ ನೋಡಿದರು, ಒಂದು ಸಲ ಧ್ವನಿ ಮುಚ್ಚಿ. “ಇಲ್ಲಿ ನೋಡಿ, ಮೈ ನಡುಗುವ ಮೊದಲು ತಲೆ ಎಡಕ್ಕೆ ತಿರುಗುತ್ತದೆ” ಎಂದು ಬೆರಳಿಟ್ಟು ನಿಲ್ಲಿಸಿದರು. ಅಲ್ಲಿಯವರೆಗೆ ಇಡೀ ಮಿದುಳಿನಿಂದ ಒಟ್ಟಿಗೆ ಹೊರಡುವ ಫಿಟ್ಸ್ ಎಂದುಕೊಂಡಿದ್ದೆವು. ಒಂದು ಜಾಗದಿಂದ ಹೊರಡುತ್ತಿದೆ ಎಂಬ ಅನುಮಾನ ಆಗ ಹುಟ್ಟಿತು. ಅಪಸ್ಮಾರಕ್ಕೆಂದೇ ನಿಗದಿಪಡಿಸಿದ ಕ್ರಮದಲ್ಲಿ, ತೆಳು ಪದರಗಳಾಗಿ ತೆಗೆಯುವ ಎಂಆರ್‌ಐ ಬೇಕೆಂದು ಬರೆದುಕೊಟ್ಟರು. ಸಾಮಾನ್ಯ ಎಂಆರ್‌ಐಯಲ್ಲಿ ತಪ್ಪಿಹೋಗುವ ಚಿಕ್ಕ ಗಾಯದ ಗುರುತುಗಳು ಅದರಲ್ಲಿ ಕಾಣುತ್ತವೆ.

ಈಗ ವಿಮೆಯ ಜಾಣತನ. ಪಟ್ಟಿಯ ಹೊರಗಿನ ವೈದ್ಯರು ಬರೆದ ಪರೀಕ್ಷೆಗೆ ನಮ್ಮ ಪಾಲಿಸಿ ಹಣ ಕೊಡುತ್ತಿರಲಿಲ್ಲ. ಊರಿಗೆ ಬಂದು, ಪಟ್ಟಿಯೊಳಗಿದ್ದ ನಮ್ಮ ಸಾಮಾನ್ಯ ನರರೋಗ ತಜ್ಞರಿಗೆ ಆ ಪತ್ರ ತೋರಿಸಿದೆವು. ಅವರು ಓದಿ, ಒಪ್ಪಿ, ತಮ್ಮ ಹೆಸರಿನಲ್ಲಿ ಅದೇ ಎಂಆರ್‌ಐಗೆ ಬರೆದರು. ಕಂಪನಿ ಅನುಮತಿ ಕೊಟ್ಟಿತು. ಇದರಲ್ಲಿ ಮೋಸವೇನೂ ಇಲ್ಲ. ಚಿಕಿತ್ಸೆಯ ಹೊಣೆ ಹೊತ್ತ ವೈದ್ಯರು ಇನ್ನೊಬ್ಬರ ಸಲಹೆ ಪಡೆದು ಪರೀಕ್ಷೆ ಬರೆಯುವುದು ದಿನನಿತ್ಯದ ಪದ್ಧತಿ. ಸಂಕೋಚವಿಲ್ಲದೆ ಕೇಳಿ. ಕೆಲವರು ಒಪ್ಪುವುದಿಲ್ಲ, ಅದು ಅವರ ಹಕ್ಕು. ಇನ್ನೊಬ್ಬರ ಅಭಿಪ್ರಾಯ ಎಂದರೇ ಮುಖ ಸಿಂಡರಿಸುವ ವೈದ್ಯರಾದರೆ ಮಾತ್ರ, ಹತ್ತು ವರ್ಷ ಅವರ ಬಳಿ ಹೋಗಬೇಕಾದೀತು ಎಂಬುದನ್ನು ನೆನಪಿಡಿ.

ಹೀಗಾಗಿ ನನ್ನ ಆಯ್ಕೆ: ಹತ್ತಿರದ, ಪಟ್ಟಿಯೊಳಗಿನ ಸಾಮಾನ್ಯ ನರರೋಗ ತಜ್ಞರು ಮನೆಯ ಕಂಬದಂತೆ; ವಿಶೇಷ ತಜ್ಞರು ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ, ಬೇಕಾದರೆ ಕೈಯಿಂದ ಹಣ ಕೊಟ್ಟು. ಮತ್ತೆ ಮತ್ತೆ ಔಷಧ ಹೊಂದಿಸಬೇಕಾದ ಹಂತದಲ್ಲಿ, ಅಂದರೆ ಪಾರ್ಕಿನ್ಸನ್ ಮುಂದುವರಿದಾಗ ಅಥವಾ ಮೂರು ತಿಂಗಳಿಗೊಮ್ಮೆ ಚುಚ್ಚುಮದ್ದಿನ ಚಿಕಿತ್ಸೆ ನಡೆದಾಗ, ಈ ಏರ್ಪಾಡು ಸಾಲದು. ಆಗ ವಿಶೇಷ ತಜ್ಞರೇ ಪಟ್ಟಿಯೊಳಗೆ ಇರಬೇಕು, ಇಲ್ಲದಿದ್ದರೆ ಮುಂದಿನ ನವೀಕರಣದಲ್ಲಿ ಪಾಲಿಸಿಯನ್ನೇ ಬದಲಿಸುವ ಯೋಚನೆ ಮಾಡಬೇಕು.

ಒಬ್ಬರೇ ನಡೆಸುವ ಕ್ಲಿನಿಕ್, ದೊಡ್ಡ ಆಸ್ಪತ್ರೆ, ಬೋಧನಾ ಆಸ್ಪತ್ರೆ

ಸ್ವಂತ ಕ್ಲಿನಿಕ್‌ನಲ್ಲಿ ಪ್ರತಿ ಸಲವೂ ಅದೇ ವೈದ್ಯರು ಸಿಗುತ್ತಾರೆ. ನರರೋಗದಲ್ಲಿ ಇದಕ್ಕೆ ಬೆಲೆ ಹೆಚ್ಚು. ಕಳೆದ ಬಾರಿ ನಡಿಗೆ ಹೇಗಿತ್ತು, ಕೈ ಎಷ್ಟು ಬಿಗಿಯಾಗಿತ್ತು ಎಂಬುದು ಕಣ್ಣಿನ ನೆನಪಿನ ವಿಷಯ. ಪಾರ್ಕಿನ್ಸನ್ ಕಾಯಿಲೆಯನ್ನು ಇವತ್ತಿಗೂ ಮುಖ್ಯವಾಗಿ ನೋಡಿ, ಮುಟ್ಟಿ, ನಡೆಸಿಯೇ ಗುರುತಿಸುತ್ತಾರೆ; ಎಂಆರ್‌ಐ ಬಹುಮಟ್ಟಿಗೆ ಸಹಜವಾಗಿಯೇ ಇರುತ್ತದೆ. ಆದರೆ ಕ್ಲಿನಿಕ್‌ನ ವಿಮೆ ವ್ಯವಹಾರ ಒಬ್ಬ ಸಹಾಯಕರ ಮೇಲೆ ನಿಂತಿರುತ್ತದೆ, ಪರೀಕ್ಷೆಗಳಿಗೆ ಹೊರಗೆ ಕಳುಹಿಸುತ್ತಾರೆ, ಆ ಹೊರಗಿನ ಜಾಗ ಪಟ್ಟಿಯಲ್ಲಿದೆಯೇ ಎಂದು ನೀವೇ ನೋಡಬೇಕು.

ದೊಡ್ಡ ಆಸ್ಪತ್ರೆಯಲ್ಲಿ ವಿಮೆಗೆಂದೇ ಪ್ರತ್ಯೇಕ ಕೌಂಟರ್, ಎಲ್ಲ ಪರೀಕ್ಷೆ ಒಂದೇ ಸೂರಿನಡಿ. ಆರಂಭದಲ್ಲಿ ಹೇಳಿದ ಬೇರೆ ಬೇರೆ ಬಿಲ್‌ಗಳ ಬಲೆಯೂ ಅಲ್ಲೇ. ಬೋಧನಾ ಆಸ್ಪತ್ರೆಯಲ್ಲಿ ಕಿರಿಯ ವೈದ್ಯರು ಒಂದು ಗಂಟೆ ಕೂತು ಹುಟ್ಟಿದಂದಿನಿಂದ ಇತಿಹಾಸ ಬರೆದುಕೊಳ್ಳುತ್ತಾರೆ. ಇದನ್ನು ಕಿರಿಕಿರಿ ಎನ್ನುವವರುಂಟು. ಯಾರೂ ಹೆಸರಿಡಲಾಗದ ಕಾಯಿಲೆಗೆ ನಾನು ಹೋಗುವುದು ಅಲ್ಲಿಗೇ.

ದೂರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಫಿಟ್ಸ್ ಇರುವವರು ಒಂದು ಅವಧಿಯವರೆಗೆ ವಾಹನ ಓಡಿಸುವಂತಿಲ್ಲ, ಪಾರ್ಶ್ವವಾಯು ಆದವರಿಗೆ ಮೆಟ್ಟಿಲು ಕಷ್ಟ. ಪಟ್ಟಿಯಲ್ಲಿ ಮೊದಲು ಬಂದ ಹೆಸರು ಎರಡು ಬಸ್ ಬದಲಿಸುವಷ್ಟು ದೂರವಿದ್ದರೆ ಅದು ಆರು ತಿಂಗಳಲ್ಲಿ ತಪ್ಪಿಹೋಗುವ ಚಿಕಿತ್ಸೆ.

ಫೋನಿನಲ್ಲಿ ಏನು ಕೇಳಬೇಕು

ವಿಮಾ ಕಂಪನಿಯ ಜಾಲತಾಣದ ಪಟ್ಟಿಯನ್ನು ಪೂರ್ತಿ ನಂಬಬೇಡಿ. ಬಿಟ್ಟುಹೋದ ವೈದ್ಯರ ಹೆಸರು ಅದರಲ್ಲಿ ತಿಂಗಳುಗಟ್ಟಲೆ ಉಳಿದಿರುತ್ತದೆ. ಎರಡು ಕಡೆಯೂ ಫೋನ್ ಮಾಡಿ: ಮೊದಲು ಕಂಪನಿಗೆ, ಆಮೇಲೆ ಕ್ಲಿನಿಕ್‌ನ ಬಿಲ್ಲಿಂಗ್ ವಿಭಾಗಕ್ಕೆ. ಸ್ವಾಗತದಲ್ಲಿ ಕುಳಿತವರು ‘ಎಲ್ಲ ವಿಮೆಯೂ ನಡೆಯುತ್ತದೆ’ ಎಂದು ಒಳ್ಳೆಯ ಮನಸ್ಸಿನಿಂದಲೇ ಹೇಳಿಬಿಡುತ್ತಾರೆ.

ನಾನು ಈಗ ಕಾರ್ಡನ್ನು ಎದುರಿಗಿಟ್ಟುಕೊಂಡು ಹೀಗೆ ಕೇಳುತ್ತೇನೆ. “ಕಂಪನಿಯ ಹೆಸರು ಇದು, ಯೋಜನೆಯ ಹೆಸರು ಇದು. ಈ ವೈದ್ಯರು, ಈ ವಿಳಾಸದಲ್ಲಿ, ಈ ಯೋಜನೆಗೆ ಇವತ್ತು ಪಟ್ಟಿಯಲ್ಲಿದ್ದಾರೆಯೇ?” ಒಂದೇ ಕಂಪನಿಯ ಹತ್ತು ಯೋಜನೆಗಳಿಗೆ ಹತ್ತು ಪಟ್ಟಿ ಇರಬಹುದು, ಒಬ್ಬರೇ ವೈದ್ಯರು ಬೆಳಿಗ್ಗೆ ಕೂರುವ ಜಾಗದಲ್ಲಿ ಪಟ್ಟಿಯೊಳಗೆ, ಸಂಜೆ ಕೂರುವ ಜಾಗದಲ್ಲಿ ಹೊರಗೆ ಇರಬಹುದು. ಆಮೇಲೆ: “ಮೊದಲ ಭೇಟಿಯಲ್ಲಿ ಇಇಜಿ ಅಥವಾ ನರಗಳ ಪರೀಕ್ಷೆ ಮಾಡಿದರೆ ಅದಕ್ಕೆ ಪೂರ್ವಾನುಮತಿ ಬೇಕೇ? ಆ ಬಿಲ್ ಯಾರ ಹೆಸರಿನಲ್ಲಿ ಬರುತ್ತದೆ? ಪೂರ್ವಾನುಮತಿಗೆ ಅರ್ಜಿ ಹಾಕುವುದು ನೀವೋ ನಾವೋ?” ಕೊನೆಗೆ, ಮಾತನಾಡಿದವರ ಹೆಸರು, ದಿನಾಂಕ, ಕರೆಯ ಸಂಖ್ಯೆ. ಇದನ್ನು ಕಡತದ ಮೊದಲ ಪುಟದಲ್ಲಿ ಬರೆದಿಡುತ್ತೇನೆ. ಒಂದು ಕ್ಲೇಮ್ ತಿರಸ್ಕೃತವಾಗಿ ಮೇಲ್ಮನವಿ ಹಾಕಿದಾಗ ನಮ್ಮನ್ನು ಉಳಿಸಿದ್ದು ಆ ಪುಟ.

ಪಟ್ಟಿಯೊಳಗಿನ ಯಾರಲ್ಲೂ ತಿಂಗಳುಗಟ್ಟಲೆ ಸಮಯ ಸಿಗದಿದ್ದರೆ, ಅಥವಾ ನಿಮಗೆ ಬೇಕಾದ ಕವಲಿನ ತಜ್ಞರೇ ಪಟ್ಟಿಯಲ್ಲಿ ಇಲ್ಲದಿದ್ದರೆ, ಹೊರಗಿನವರನ್ನು ಒಳಗಿನ ದರದಲ್ಲಿ ನೋಡಲು ಅನುಮತಿ ಕೊಡಿ ಎಂದು ಕಂಪನಿಯನ್ನು ಲಿಖಿತವಾಗಿ ಕೇಳಬಹುದು. ಯಾರ್ಯಾರಿಗೆ ಫೋನ್ ಮಾಡಿದಿರಿ, ಯಾವ ದಿನಾಂಕ ಕೊಟ್ಟರು ಎಂಬುದನ್ನು ಸೇರಿಸಿ. ಕೊಟ್ಟೇ ಕೊಡುತ್ತಾರೆಂದಲ್ಲ, ಕೇಳದವರಿಗಂತೂ ಕೊಡುವುದಿಲ್ಲ.

ಪರೀಕ್ಷೆ ಮತ್ತು ಔಷಧ

ಇಇಜಿ ಅಗ್ಗದ ಪರೀಕ್ಷೆ, ಸಾಮಾನ್ಯವಾಗಿ ಇಪ್ಪತ್ತು ಮೂವತ್ತು ನಿಮಿಷ. ಹಿಂದಿನ ದಿನ ತಲೆ ತೊಳೆದು, ಎಣ್ಣೆ ಹಚ್ಚದೆ ಹೋಗಬೇಕು. ತಲೆಯ ಮೇಲೆ ಅಳತೆಪಟ್ಟಿ ಹಿಡಿದು ಪೆನ್ಸಿಲ್ ಗುರುತು ಹಾಕಿ, ಅಂಟಿನ ಉಂಡೆಯೊಂದಿಗೆ ಇಪ್ಪತ್ತಕ್ಕೂ ಹೆಚ್ಚು ತಂತಿ ಕೂರಿಸುತ್ತಾರೆ. ಮನುಷ್ಯನ ಮಿದುಳಿನ ವಿದ್ಯುತ್ತನ್ನು ಜರ್ಮನಿಯ ಮನೋವೈದ್ಯ ಹಾನ್ಸ್ ಬರ್ಗರ್ 1924ರಲ್ಲಿ ಮೊದಲು ದಾಖಲಿಸಿ, ಐದು ವರ್ಷ ಬಿಟ್ಟು ಪ್ರಕಟಿಸಿದರು. ಶತಮಾನ ಕಳೆದರೂ ಆ ಅಂಟು ಕೂದಲಿನಿಂದ ಸುಲಭವಾಗಿ ಹೋಗುವುದಿಲ್ಲ. ಮೊದಲ ಇಇಜಿ ಸಹಜವೆಂದು ಬಂದರೆ ಅಪಸ್ಮಾರ ಇಲ್ಲವೆಂದಲ್ಲ. ನಿದ್ದೆಗೆಟ್ಟು ಮತ್ತೊಮ್ಮೆ ಮಾಡಿಸಿ ಎನ್ನಬಹುದು. ಎರಡನೆಯದಕ್ಕೂ ವಿಮೆ ಇದೆಯೇ ಎಂದು ಮೊದಲೇ ಕೇಳಿ.

ಕೈಕಾಲಿನ ನರಕ್ಕೆ ಪೆಟ್ಟಾಗಿದ್ದರೆ ಸೂಜಿ ಹಾಕಿ ಸ್ನಾಯು ನೋಡುವ ಇಎಂಜಿಗೆ ಅವಸರಪಡಬೇಡಿ. ಆ ಬದಲಾವಣೆಗಳು ಕಾಣಿಸಿಕೊಳ್ಳಲು ಎರಡು ಮೂರು ವಾರ ಬೇಕು. ಬೇಗ ಮಾಡಿಸಿ ಏನೂ ಕಾಣದೆ, ಮತ್ತೆ ಮಾಡಿಸಲು ಹೋದರೆ ‘ಈಗಷ್ಟೇ ಆಗಿದೆಯಲ್ಲ’ ಎಂದು ಕಂಪನಿ ತಗಾದೆ ತೆಗೆಯುತ್ತದೆ.

ಔಷಧದ ಮಾತು ಇನ್ನೂ ಸೂಕ್ಷ್ಮ. ಹೊಸ, ದುಬಾರಿ ಔಷಧಕ್ಕೆ ಮೊದಲು ಹಳೆಯದನ್ನು ಬಳಸಿ ನೋಡಿರಬೇಕು ಎಂಬುದು ಅನೇಕ ಕಂಪನಿಗಳ ನಿಯಮ. 2018ರಿಂದ ಬಳಕೆಗೆ ಬಂದಿರುವ ಮೈಗ್ರೇನ್ ತಡೆಯುವ ಚುಚ್ಚುಮದ್ದುಗಳು ಇದಕ್ಕೆ ಒಳ್ಳೆಯ ಉದಾಹರಣೆ. ತಿಂಗಳಿಗೆ 15 ಅಥವಾ ಹೆಚ್ಚು ದಿನ ತಲೆನೋವು, ಅದರಲ್ಲಿ ಕನಿಷ್ಠ 8 ದಿನ ಮೈಗ್ರೇನ್ ಸ್ವರೂಪದ್ದು, ಹೀಗೆ ಮೂರು ತಿಂಗಳಿಗೂ ಮಿಕ್ಕಿ ನಡೆದರೆ ಅದನ್ನು ದೀರ್ಘಕಾಲದ ಮೈಗ್ರೇನ್ ಎನ್ನುತ್ತಾರೆ. ಕ್ಯಾಲೆಂಡರಿನಲ್ಲಿ ದಿನ ಗುರುತು ಹಾಕಿದವರ ಅರ್ಜಿ ಸರಾಗವಾಗಿ ಸಾಗುತ್ತದೆ. ‘ಆಗಾಗ ಬರುತ್ತದೆ’ ಎಂದವರದು ವಾಪಸು ಬರುತ್ತದೆ. ಕ್ಲಿನಿಕ್ ಆರಿಸುವಾಗ ಇದನ್ನೂ ಹೋಲಿಸಿ: ಇಂಥ ಅರ್ಜಿ ಬರೆಯಲು ಅಲ್ಲಿ ಒಬ್ಬರಾದರೂ ಪಳಗಿದವರು ಇದ್ದಾರೆಯೇ? ಅಪಸ್ಮಾರದ ಮಾತ್ರೆಯನ್ನಂತೂ ಅನುಮತಿ ಬರಲಿಲ್ಲವೆಂದು ಒಂದು ದಿನವೂ ನಿಲ್ಲಿಸಬಾರದು. ಕೈಯಿಂದ ಕೊಂಡು, ಬಿಲ್ ಇಟ್ಟುಕೊಂಡು, ಆಮೇಲೆ ಜಗಳವಾಡಿ.

ವಿಡಿಯೋ ಭೇಟಿ

ಮೊದಲ ಭೇಟಿಗೆ ನಾನು ಇದನ್ನು ಒಪ್ಪುವುದಿಲ್ಲ. ಮೊಣಕಾಲಿಗೆ ಸುತ್ತಿಗೆ ತಟ್ಟುವುದು, ಸ್ನಾಯುವಿನ ಬಿಗಿತ ನೋಡುವುದು, ಕಣ್ಣಿನ ಪಾಪೆಯ ಹಿಂದೆ ಇಣುಕುವುದು ಪರದೆಯ ಮೇಲೆ ಆಗುವ ಕೆಲಸವಲ್ಲ. ಆದರೆ ಹತೋಟಿಯಲ್ಲಿರುವ ಫಿಟ್ಸ್, ಮೈಗ್ರೇನ್, ಮಾತ್ರೆಯ ಅಡ್ಡಪರಿಣಾಮದ ವಿಚಾರಕ್ಕೆ ಇದು ವರದಾನ. ವಿಮೆ ಇದಕ್ಕೆ ಬೇರೆಯೇ ದರ ಇಟ್ಟಿರುತ್ತದೆ, ಕೆಲವೊಮ್ಮೆ ತನ್ನದೇ ವೇದಿಕೆಯ ವೈದ್ಯರಿಗೆ ಮಾತ್ರ ಕೊಡುತ್ತದೆ. ದೂರದ ವಿಶೇಷ ತಜ್ಞರನ್ನು ಎರಡನೆಯ ಸಲ ನೋಡಲು ನಾವು ಬಳಸಿದ್ದು ಇದನ್ನೇ.

ಪಾಲಿಸಿ ನವೀಕರಣಕ್ಕೆ ಮೂರು ವಾರ ಮೊದಲು ಈ ಎಲ್ಲ ಫೋನುಗಳನ್ನು ಮತ್ತೆ ಮಾಡುತ್ತೇನೆ. ಪಟ್ಟಿಗಳು ವರ್ಷಕ್ಕೊಮ್ಮೆ ಬದಲಾಗುತ್ತವೆ, ನಮಗೆ ಪತ್ರ ಬರುವುದಿಲ್ಲ. ಈ ಸಲ ಕೇಳಿದಾಗ ನಮ್ಮ ನರರೋಗ ತಜ್ಞರು ಪಟ್ಟಿಯಲ್ಲಿ ಉಳಿದಿದ್ದಾರೆ ಎಂದರು, ಆದರೆ ಅವರ ಹಳೆಯ ಕ್ಲಿನಿಕ್ ಪಟ್ಟಿಯಿಂದ ಬಿಟ್ಟುಹೋಗಿದೆ, ಹೊಸ ವಿಳಾಸಕ್ಕೆ ಮಾತ್ರ. ನಕ್ಷೆ ತೆರೆದು ದೂರ ನೋಡುತ್ತ ಕುಳಿತಿದ್ದೆ. ತಮ್ಮ ಹಿಂದಿನಿಂದ ಬಗ್ಗಿ ನೋಡಿ, “ಅಲ್ಲಿಗೆ ಒಂದೇ ಬಸ್ ಸಾಕು, ನಾನೊಬ್ಬನೇ ಹೋಗಿಬರುತ್ತೇನೆ” ಎಂದ.